ಮುಟ್ಟು ತರಿಸುವ ಇಂಜೆಕ್ಷನ್ ಅಂದರೆ ಎದ್ದು ಬನ್ನಿ

ಹೋದ ತಿಂಗಳು ನೆಂಟರ ಮನೆಗೆ ಹೋಗಿದ್ದೆ. ಸೊಸೆಗೆ ದಿನ ತಪ್ಪಿ ಹನ್ನೆರಡು ದಿನ. "ಪಕ್ಕದ ಊರಲ್ಲಿ ಒಬ್ಬರು ಇಂಜೆಕ್ಷನ್ ಕೊಡ್ತಾರಂತೆ, ಮುಟ್ಟು ಬಂದುಬಿಡುತ್ತಂತೆ" ಎಂದು ಅತ್ತೆ ಹೊರಟು ನಿಂತಿದ್ದರು. ನನ್ನ ಎದೆ ಧಸಕ್ಕೆಂದಿತು. ಇದೇ ಮಾತನ್ನು ನಾನು 1986ರಲ್ಲಿ ಕೇಳಿದ್ದೆ.

ಆಗ ಮಗಳಿಗೆ ಒಂದೂವರೆ ವರ್ಷ. ಇನ್ನೊಂದು ಇಷ್ಟು ಬೇಗ ಬೇಡಪ್ಪ ಅನ್ನಿಸಿತ್ತು. ಊರಿನ ಕ್ಲಿನಿಕ್‌ನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, "ಎಷ್ಟು ದಿನ ಆಯ್ತು?" ಆಮೇಲೆ ಎರಡು ದಿನ ಸೊಂಟಕ್ಕೆ ಎರಡು ಸೂಜಿ. ಎಣ್ಣೆಯಂಥ ಮದ್ದು. ಚುಚ್ಚಿದ ಜಾಗ ವಾರಗಟ್ಟಲೆ ಗಂಟಾಗಿತ್ತು. ಮುಟ್ಟು ಬರಲಿಲ್ಲ. ಕಾಯಿರಿ ಅಂದರು, ಕಾದೆ. ಮೂರು ವಾರ ಕಳೆದು ದೊಡ್ಡಾಸ್ಪತ್ರೆಗೆ ಹೋದರೆ, ಎರಡು ತಿಂಗಳು ದಾಟಿದ ಬಸುರಿ! "ಯಾವ ಇಂಜೆಕ್ಷನ್? ಚೀಟಿ ಎಲ್ಲಿ?" ಎಂದು ಅಲ್ಲಿನ ಲೇಡಿ ಡಾಕ್ಟರು ರೇಗಿದರು. ಚೀಟಿ ಎಲ್ಲಿಂದ ಬರಬೇಕು? ಒಡೆದ ಸೀಸೆ ಅವತ್ತೇ ಕಸದ ಬುಟ್ಟಿ ಸೇರಿತ್ತು.

ಅದರಲ್ಲಿ ಇರುತ್ತಿದ್ದದ್ದು ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಎರಡು ಹೆಣ್ಣು ಹಾರ್ಮೋನು ಸೇರಿದ ಮದ್ದು ಎಂದು ಅವರೇ ಹೇಳಿದರು. ಬಸುರಿ ಅಲ್ಲದಿದ್ದರೆ, ಮದ್ದಿನ ಪ್ರಭಾವ ಇಳಿದಾಗ ಗರ್ಭಕೋಶದ ಒಳಪದರ ಕಳಚಿ ರಕ್ತ ಹೋಗುತ್ತದೆ. ಬಸುರಿಯಾಗಿದ್ದರೆ ದೇಹವೇ ಆ ಹಾರ್ಮೋನು ಮಾಡುತ್ತಿರುತ್ತದೆ, ಪದರ ಅಲ್ಲಾಡುವುದಿಲ್ಲ. ಅಂದರೆ ಅದು ಗರ್ಭ ಇಳಿಸುವ ಮದ್ದೂ ಅಲ್ಲ. ಸುಮ್ನೆ ಹೊಟ್ಟೆಯಲ್ಲಿರುವ ಕೂಸಿನ ಮೇಲೆ ಹಾರ್ಮೋನು ಸುರಿದಂತೆ, ಅಷ್ಟೇ.

ಮಗ ಚೆನ್ನಾಗಿಯೇ ಹುಟ್ಟಿದ. ಆದರೆ ಆ ಏಳು ತಿಂಗಳು ನಾನು ನಿದ್ದೆ ಮಾಡಿದ್ದು ಕಡಿಮೆ. ಹುಟ್ಟಿದ ಕೂಡಲೇ ಅವನ ಬೆರಳು ಎಣಿಸಿದೆ, ಬೆನ್ನು ತಿರುಗಿಸಿ ನೋಡಿದೆ.

ಸಿಟ್ಟು ಬಂದದ್ದು ಆಮೇಲೆ. 1967ರಲ್ಲೇ ಬ್ರಿಟನ್ನಿನ ಇಸಾಬೆಲ್ ಗಾಲ್ ಎಂಬ ವೈದ್ಯೆ, ಬೆನ್ನುಹುರಿ ದೋಷದ ಮಕ್ಕಳ ತಾಯಂದಿರಲ್ಲಿ ಬಸುರಿಯೋ ಅಲ್ಲವೋ ಎಂದು ತಿಳಿಯಲು ಇಂಥ ಹಾರ್ಮೋನು ತೆಗೆದುಕೊಂಡವರು ಜಾಸ್ತಿ ಎಂದು ಎಚ್ಚರಿಸಿದ್ದರು. ಅದೇ ಕಾರಣ ಹೌದೋ ಅಲ್ಲವೋ ಎಂಬ ವಾದ ಇನ್ನೂ ಮುಗಿದಿಲ್ಲ, ಅದು ಬೇರೆ ಮಾತು. ನಮ್ಮಲ್ಲಿ 1982ರಲ್ಲೇ ಸರ್ಕಾರ ಈ ಮದ್ದನ್ನು ನಿಲ್ಲಿಸಲು ಹೊರಟಿತ್ತು. ಕಂಪನಿಗಳು ಕೋರ್ಟಿನಿಂದ ತಡೆ ತಂದವು. ನನಗೆ ಚುಚ್ಚಿದ್ದು ಆ ನಡುವಿನ ವರ್ಷಗಳಲ್ಲಿ. ಕೊನೆಗೆ 1988ರಲ್ಲಿ ನಿಷೇಧ ಬಂತು. ಆ ಆದೇಶದ 1989ರ ತಿದ್ದುಪಡಿಯಲ್ಲಿ ಈ ಎರಡೂ ಸೇರಿದ ಚುಚ್ಚುಮದ್ದುಗಳ ಹೆಸರು ಸ್ಪಷ್ಟವಾಗಿಯೇ ಇದೆ.

ಹಾಗಂತ ಹಾರ್ಮೋನು ಅಂದಕೂಡಲೇ ಹೆದರಬೇಡಿ. ಹೆರಿಗೆ ಡಾಕ್ಟರು ನೋಡಿ, ಬರೆದು ಕೊಡುವ ಬರೀ ಪ್ರೊಜೆಸ್ಟರಾನ್ ಬೇರೆ. ಹೆಸರು ಹೇಳದೆ, ಮೂತ್ರ ಪರೀಕ್ಷೆ ಮಾಡದೆ, ಚೀಟಿ ಕೊಡದೆ ಸೂಜಿ ಎತ್ತಿದರೆ ಮಾತ್ರ ಅಲ್ಲಿ ಕೂರಬೇಡಿ.

ಆ ಸೊಸೆಗೆ ಮೆಡಿಕಲ್ ಶಾಪಿನಿಂದ ಕಿಟ್ ತರಿಸಿದೆವು. ಎರಡು ಗೆರೆ. ಅತ್ತೆ ಈಗ ತಾಯಿ ಕಾರ್ಡ್ ಮಾಡಿಸಲು ಆಶಾ ಕಾರ್ಯಕರ್ತೆಯ ಹಿಂದೆ ಓಡಾಡುತ್ತಿದ್ದಾರೆ.