ಅಂಗಡಿ ರ‍್ಯಾಕಿನ ಮಾದರಿ: ಕಚ್ಚಾ ಪ್ಲೈವುಡ್‌ನಲ್ಲಾ, ಪೂರ್ತಿ ಫಿನಿಶ್ ಮಾಡಿಸಿಯಾ?

ಹತ್ತಾರು ಮಳಿಗೆಗೆ ಒಂದೇ ಥರದ ರ‍್ಯಾಕು, ಬಿಲ್ಲಿಂಗ್ ಕೌಂಟರ್ ಮಾಡಿಸುವ ಮುಂಚೆ ನಿಜ ಅಳತೆಯಲ್ಲೇ ಮಾಡಿದ ಒಂದು ಮಾದರಿ ಬೇಕೇ ಬೇಕು. ಸುಮ್ನೆ ತ್ರೀಡಿ ಚಿತ್ರ ನೋಡಿ ಆರ್ಡರ್ ಕೊಡಬೇಡಿ. ಅದರಲ್ಲಿ ನೋಟ ತಿಳಿಯುತ್ತದೆ, ಅಷ್ಟೇ.

ಕಚ್ಚಾ ಪ್ಲೈವುಡ್ ಮಾದರಿ ಅಗ್ಗ, ಬೇಗ ಆಗುತ್ತದೆ. ಅಳತೆಗೆ ಇದೇ ಸರಿ. ಕ್ಯಾಶಿಯರನ್ನೇ ನಿಲ್ಲಿಸಿ ನೋಡಿ: ಸ್ಕ್ಯಾನರ್ ಕೈಗೆ ಸಿಗುತ್ತಾ, ಡ್ರಾಯರ್ ಎಳೆದರೆ ಹೊಟ್ಟೆಗೆ ತಾಗುತ್ತಾ? ಎತ್ತರ ಜಾಸ್ತಿಯಾದರೆ ಅಲ್ಲೇ ಕತ್ತರಿಸಬಹುದು.

ಪೂರ್ತಿ ಫಿನಿಶ್ ಮಾಡಿದ್ದು ದುಬಾರಿ, ನಿಜ. ಆದರೆ ತಯಾರಿಕೆಯ ತಪ್ಪು ಕಾಣುವುದು ಇದರಲ್ಲೇ. 18 ಮಿ.ಮೀ. ಹಲಗೆಯ ಎರಡೂ ಕಡೆ 1 ಮಿ.ಮೀ. ಲ್ಯಾಮಿನೇಟ್ (ಮೇಲ್ಮೈಗೆ ಹಾಕುವ ತೆಳು ಹಾಳೆ) ಅಂಟಿಸಿದರೆ 20 ಆಯಿತಲ್ವಾ? 18ಕ್ಕೆ ಕೊರೆದ ಗ್ರೂವಿನಲ್ಲಿ, ಅಂದರೆ ಹಲಗೆ ಕೂರಿಸುವ ಸೀಳಿನಲ್ಲಿ, ಅದು ಕೂರುವುದಿಲ್ಲ. ನೂರು ರ‍್ಯಾಕಿಗೂ ಹೀಗಾದರೆ ಗತಿಯೇನು! ಸರಕು ತುಂಬಿ ಕೆಲವು ದಿನ ಬಿಡಿ, ಶೆಲ್ಫ್ ಬಾಗುತ್ತಾ ನೋಡಿ. ಒಮ್ಮೆ ಬಿಚ್ಚಿ ಮತ್ತೆ ಜೋಡಿಸಿ. ಹಲಗೆ ಪಾರ್ಟಿಕಲ್ ಬೋರ್ಡ್ (ಮರದ ಚೂರನ್ನು ಅಂಟು ಹಾಕಿ ಒತ್ತಿ ಮಾಡಿದ್ದು) ಆದರೆ ಹೀಗೆ ಬಿಚ್ಚಿ ಜೋಡಿಸಿದಾಗ ಸ್ಕ್ರೂ ಹಿಡಿತ ಬೇಗ ಸಡಿಲವಾಗುತ್ತದೆ.

ಒಂದೇ ಮಳಿಗೆಗಾದರೆ ಕಚ್ಚಾ ಮಾದರಿ ಸಾಕು. ಹೆಚ್ಚು ಸಂಖ್ಯೆಯಲ್ಲಾದರೆ ಎರಡೂ ಮಾಡಿಸಿ, ಮೊದಲು ಕಚ್ಚಾದು. ಒಪ್ಪಿದ ಫಿನಿಶ್ ಮಾದರಿಗೆ ಸಹಿ ಹಾಕಿ ಕಾರ್ಖಾನೆಯಲ್ಲೇ ಇಡಿಸಿ. ಮುಂದೆ ಬರುವ ಪ್ರತಿ ಲಾಟನ್ನೂ ಅದರ ಪಕ್ಕ ಇಟ್ಟು ನೋಡಬಹುದು.