ಎರಡು ವರ್ಷ, ಏಳು ಹಗ್ಗ: ಮಗನ 49 ಸಿಸಿ ಡರ್ಟ್ ಬೈಕ್

ಈ ಗಾಡಿಯ ಹಗ್ಗ ಎಳೆದು ಚಾಲೂ ಮಾಡುವ ಸ್ಟಾರ್ಟರ್ ಮಾಡಿದವರು ಎಲ್ಲಾದರೂ ಸಿಕ್ಕರೆ ನನಗೆ ಜಗಳ ಆಡುವುದಿದೆ. ಉಳಿದದ್ದಕ್ಕೆ ಅಷ್ಟು ತಕರಾರಿಲ್ಲ.

ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗನಿಗೆ ಎಂಟು ವರ್ಷ ಇದ್ದಾಗ, ದೀಪಾವಳಿ ಸೀಸನ್ನಿನ ದುಡ್ಡಲ್ಲಿ ಇದನ್ನು ಸೆಕೆಂಡ್ ಹ್ಯಾಂಡ್ ತಂದೆ. 16,000 ರೂಪಾಯಿ. ಹೆಲ್ಮೆಟ್ಟು, ಮೊಣಕಾಲಿನ ಗಾರ್ಡು ಬೇರೆ ಖರ್ಚು. ರಸ್ತೆಗೆ ಇಳಿಸುವ ಹಾಗಿಲ್ಲ. ಆನಗೋಡಿನ ಕಡೆ ತವರಿನ ಹೊಲದಲ್ಲಿ, ಮೆಕ್ಕೆಜೋಳ ಮುರಿದ ಮೇಲೆ ಓಡಿಸುತ್ತಾನೆ. ಮಳೆ ಬಿದ್ದ ದಿನ ಮಾತ್ರ ಬೇಡ. ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡರೆ ಗಾಡಿಯನ್ನು ನಾವೇ ಹೊರಬೇಕು.

ಭಾನುವಾರ ಬೆಳಿಗ್ಗೆ ಪೆಟ್ರೋಲಿಗೆ ಆಯಿಲ್ ಬೆರೆಸುವ ಕೆಲಸ. ನಮ್ಮ ಯಜಮಾನರ ಹಳೇ ಯಮಹಾ ಬೈಕ್ ಆರ್‌ಎಕ್ಸ್ 100ರಲ್ಲಿ ಆಯಿಲ್ಲಿಗೆ ಬೇರೆ ಟ್ಯಾಂಕೇ ಇತ್ತು, ಪಂಪ್ ತಾನೇ ಬೆರೆಸಿಕೊಳ್ಳುತ್ತಿತ್ತು. ಇದಕ್ಕೆ ಆ ಭಾಗ್ಯ ಇಲ್ಲ. 25ಕ್ಕೆ 1, ಅಂದರೆ ಲೀಟರ್ ಪೆಟ್ರೋಲಿಗೆ 40 ಮಿಲಿ 2ಟಿ ಆಯಿಲ್ (ಟೂ-ಸ್ಟ್ರೋಕ್ ಇಂಜಿನ್ನಿನ ಆಯಿಲ್). ಕೆಮ್ಮಿನ ಸಿರಪ್ಪಿನ 10 ಮಿಲಿ ಮುಚ್ಚಳದಲ್ಲಿ ನಾಲ್ಕು ಸಲ. ಮೂರನೇದಕ್ಕೆ ಬಂದಾಗ ನಾನು ಬೇಕಂತಲೇ ಏನಾದರೂ ಕೇಳುತ್ತೇನೆ. ಲೆಕ್ಕ ತಪ್ಪೀತೆಂದು ಮಗ ಉತ್ತರ ಕೊಡುವುದಿಲ್ಲ. ಮೂರು ಬೆರಳು ಮಡಚಿಕೊಂಡೇ ಕೂತಿರುತ್ತಾನೆ. ಆಮೇಲೆ ಸ್ಪಾರ್ಕ್ ಪ್ಲಗ್. ಅದರ ತುದಿಯ ಗ್ಯಾಪ್ ನೋಡಲು ಹ್ಯಾಕ್ಸಾ ಬ್ಲೇಡಿನ ತುಂಡು ಇಟ್ಟುಕೊಂಡಿದ್ದೇವೆ. ಅದರ ದಪ್ಪ ಹೆಚ್ಚುಕಡಿಮೆ 0.6 ಮಿಮೀ, ನಮಗೆ ಬೇಕಾದದ್ದೂ ಅಷ್ಟೇ.

ಈಗ ಜಗಳದ ವಿಷಯ. ಸ್ಟಾರ್ಟರ್ ಒಳಗಿನ ಕೊಕ್ಕೆ ಪ್ಲಾಸ್ಟಿಕ್. ಎರಡನೇ ತಿಂಗಳಿಗೇ ಮುರಿಯಿತು. ಹಗ್ಗ ಎಳೆದರೆ ಸುಮ್ನೆ ಬರುತ್ತದೆ, ಇಂಜಿನ್ ತಿರುಗುವುದೇ ಇಲ್ಲ. ಮಾರಿದವರು ಫೋನ್ ಎತ್ತಲಿಲ್ಲ. ಗ್ಯಾರೇಜಿನಲ್ಲಿ 'ಆಟದ ಸಾಮಾನು ರಿಪೇರಿ ಮಾಡಲ್ಲಕ್ಕಾ' ಅಂದರು. ಹೊಲಿಗೆ ಮಷಿನ್ ಬಿಚ್ಚಿ ಜೋಡಿಸುವವಳಿಗೆ ಇದೇನು ಮಹಾ ಅಂತ ಮುಚ್ಚಳ ತೆಗೆದೆ. ಒಳಗಿದ್ದ ಸುರುಳಿ ಸ್ಪ್ರಿಂಗ್ ಟಣ್ ಅಂತ ಹಾರಿ ಮಂಚದ ಕೆಳಗೆ ಹೋಯಿತು. ಹುಡುಗ ಹೆದರಿ ಅತ್ತೇಬಿಟ್ಟ.

ಆ ಸ್ಪ್ರಿಂಗನ್ನು ಮತ್ತೆ ಕೂರಿಸಲು ನಾಲ್ಕು ಕೈ ಬೇಕು. ನಾನು ಹೊರಗಿನ ಸುತ್ತಿನಿಂದ ಒಳಕ್ಕೆ ಸುತ್ತುತ್ತಾ ಹೋಗುತ್ತೇನೆ, ಅವನು ಹೆಬ್ಬೆರಳಲ್ಲಿ ಒತ್ತಿ ಹಿಡಿಯುತ್ತಾನೆ. ಊಟಕ್ಕೆ ಕೂತಾಗ ಬಾಯಿ ಬಿಡದವನು ಆಗ ಶಾಲೆಯಲ್ಲಿ ಯಾರು ಯಾರಿಗೆ ಹೊಡೆದರು, ಗಣಿತದಲ್ಲಿ ಎಷ್ಟು ಬಂತು, ಎಲ್ಲಾ ಹೇಳುತ್ತಾನೆ. ಎರಡೂ ಕೈ ಸಿಕ್ಕಿಕೊಂಡಿರುತ್ತಲ್ಲ, ಎದ್ದು ಓಡುವಂತಿಲ್ಲ. ಒಂದೊಂದು ಸಲ ಸ್ಪ್ರಿಂಗ್ ಕೂತ ಮೇಲೂ ನಾನು 'ಇನ್ನೂ ಬಿಡಬೇಡ' ಅನ್ನುವುದುಂಟು.

ಕೊಕ್ಕೆಯನ್ನು ಹರಿಹರದಲ್ಲಿ ಲೇತಿಗೆ ಕೊಟ್ಟು ಹಿತ್ತಾಳೆಯಲ್ಲಿ ಮಾಡಿಸಿದೆವು. ಒಂದು ಕಾಲಕ್ಕೆ ಕಿರ್ಲೋಸ್ಕರ್ ಲೇತ್ ತಯಾರಾಗುತ್ತಿದ್ದ ಊರು, ಕೇಳಬೇಕಾ. ಆ ಕೊಕ್ಕೆ ಇವತ್ತಿಗೂ ಅಲುಗಿಲ್ಲ. ಹಗ್ಗ ಮಾತ್ರ ಅಂಚಿಗೆ ಉಜ್ಜಿ ಸವೆಯುತ್ತಲೇ ಇರುತ್ತದೆ, ಈಗಿರುವುದು ಏಳನೆಯದು. ಕಳೆ ಕೊಚ್ಚುವ ಯಂತ್ರದ ಹಗ್ಗವೇ ಇದಕ್ಕೂ ಆಗುತ್ತದೆ. ಕೃಷಿ ಸಾಮಾನಿನ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ತುದಿಯನ್ನು ಬೆಂಕಿಕಡ್ಡಿಯಲ್ಲಿ ಕರಗಿಸಿ ಗಂಟು ಹಾಕಿ.

ಐದಕ್ಕೆ ಮೂರು ಕೊಡುತ್ತೇನೆ. ಭಾನುವಾರ ಬಿಡುವಿಲ್ಲದವರು ಮಕ್ಕಳಿಗೆ ಸೈಕಲ್ ಕೊಡಿಸಿ. ತಗೊಳ್ಳಲೇಬೇಕು ಅನ್ನುವವರು ದುಡ್ಡು ಕೊಡುವ ಮುಂಚೆ ಸ್ಟಾರ್ಟರ್ ಮುಚ್ಚಳ ತೆಗೆಸಿ ನೋಡಿ. ಸ್ಕ್ರೂಡ್ರೈವರ್ ಇಲ್ಲ ಅಂತಾರೆ, ನೀವೇ ಒಯ್ಯಿರಿ.