ಚಿತ್ರ ನೋಡಿ ಒಪ್ಪಬೇಡಿ: ಪ್ರಾಜೆಕ್ಟ್ ಮಾಡಿದ ಬಣ್ಣ, ಡೀಟೇಲ್ ಎರಡನ್ನೂ ಬೇರೆ ಬೇರೆ ಪರೀಕ್ಷಿಸಿ

ಝೀಬ್ರಷ್‌ನಲ್ಲಿ (ಕಂಪ್ಯೂಟರಿನಲ್ಲಿ 3ಡಿ ಮೂರ್ತಿ ಕೆತ್ತುವ ಸಾಫ್ಟ್‌ವೇರ್) ಮಾಡೆಲ್ ಮಾಡಿ, ಬಣ್ಣ ಹಚ್ಚಿ, ಫೈಲ್ ಹಗುರ ಮಾಡಿಸಲು ಬೇರೆಯವರಿಗೆ ಕೊಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಮಾಡಿದ, ಯಕ್ಷಗಾನದ ತೆಂಕುತಿಟ್ಟಿನ ಬಣ್ಣದ ವೇಷದ (ರಾಕ್ಷಸ ಪಾತ್ರದ) ತಲೆಯೊಂದು ಹೀಗೇ ಹಾಳಾಯಿತು. ಕಲರ್ ಪ್ರಿಂಟ್ ಆಗಿ ಬಂದ ಮೇಲೆಯೇ ಗೊತ್ತಾದದ್ದು. ಅಷ್ಟರಲ್ಲಿ ಕೆಲಸ ಕೊಟ್ಟವರ ದುಡ್ಡು ಹೋಗಿ ಆಗಿತ್ತು.

ಯಕ್ಷಗಾನ ನೋಡುವವರಿಗೆ ಚಿಟ್ಟಿ ಗೊತ್ತು. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದಾಗಿ ಇಡುವ ಬಿಳಿ ಮುಳ್ಳುಗಳು. ವೇಷಧಾರಿಗಳು ಚೌಕಿಯಲ್ಲಿ (ಬಣ್ಣದ ಕೋಣೆಯಲ್ಲಿ) ಗಂಟೆಗಟ್ಟಲೆ ಕೂತು ಇಟ್ಟುಕೊಳ್ಳುತ್ತಾರೆ. ಅದು ಬರೀ ಬಣ್ಣ ಅಲ್ಲ, ಚರ್ಮದಿಂದ ಮೇಲಕ್ಕೆ ಎದ್ದು ನಿಲ್ಲುತ್ತದೆ. ರಾಕ್ಷಸನ ಮುಖಕ್ಕೆ ಆ ಭಯಂಕರ ಕಳೆ ಬರುವುದೇ ಅದರಿಂದ. ಹಾಗಾಗಿ ನಾನೂ ಒಂದೊಂದೇ ಚಿಟ್ಟಿಯನ್ನು ಎತ್ತಿ, ಆಮೇಲೆ ಬಿಳಿ ಹಚ್ಚಿದ್ದೆ. ಮೆಶ್‌ನಲ್ಲಿ, ಅಂದರೆ ಮಾಡೆಲ್‌ನ ಮೇಲ್ಮೈ ಆಗಿರುವ ಬಲೆಯಲ್ಲಿ, ಸುಮಾರು 40 ಲಕ್ಷ ಪಾಯಿಂಟ್ ಇತ್ತು.

ಪ್ರಿಂಟಿಗೆ ಇದು ಭಾರ ಆಯಿತು ಅಂತ ಕೆಲಸ ಕೊಟ್ಟವರು ಪ್ರಿಂಟ್ ಫೈಲ್ ತಯಾರು ಮಾಡುವ ಒಂದು ಕಡೆ ಕೊಟ್ಟರು. ಅಲ್ಲಿಯವರು ಝೀರೀಮೆಶರ್ ಹಾಕಿ ಕಮ್ಮಿ ಪಾಯಿಂಟಿನ ಹೊಸ ಮೆಶ್ ತೆಗೆದು, ಹಳೆಯದರ ಆಕಾರ, ಬಣ್ಣವನ್ನು ಹೊಸದಕ್ಕೆ ಇಳಿಸುವ ಪ್ರಾಜೆಕ್ಟ್ ಆಲ್ ಒತ್ತಿ, ಬಣ್ಣ ಡೀಟೇಲ್ ಎಲ್ಲ ಹೊಸದಕ್ಕೆ ಬಂದಿದೆ ಅಂತ ಒಂದು ಚಿತ್ರ ಕಳಿಸಿದರು. ಚಿತ್ರದಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಫೈಲ್ ನನಗೆ ತೋರಿಸದೆ ನೇರ ಪ್ರಿಂಟಿಗೆ ಹೋಯಿತು.

ಬಂದ ತಲೆಯ ಕೆನ್ನೆ ಮೇಲೆ ಬೆರಳಾಡಿಸಿದರೆ ನುಣ್ಣಗಿತ್ತು! ಚಿಟ್ಟಿ ಇರಬೇಕಾದ ಕಡೆ ಅಂಚು ಕಲಸಿಹೋದ ಬಿಳಿ ಕಲೆಗಳು, ಅಷ್ಟೇ. ಮೇಲ್ದುಟಿಯ ಒಳ ಅಂಚು ಎಳೆದುಕೊಂಡು ಹೋಗಿ ಕೆಳದುಟಿಗೆ ಅಂಟಿಕೊಂಡಿತ್ತು. ರೆಪ್ಪೆಯ ಕಪ್ಪಿಗೆ ಕಣ್ಣುಗುಡ್ಡೆಯ ಬಿಳಿ ಮೆತ್ತಿಕೊಂಡಿತ್ತು. ನೋಡಿ ಹೊಟ್ಟೆ ಉರಿಯಿತು.

ಆಮೇಲೆ ಫೈಲ್ ತರಿಸಿ ನೋಡಿದೆ. ಪಾಲಿಪೇಂಟ್, ಅಂದರೆ ಝೀಬ್ರಷ್‌ನಲ್ಲಿ ಮಾಡೆಲ್ ಮೇಲೆ ಹಚ್ಚುವ ಬಣ್ಣ, ಬೇರೆ ಚಿತ್ರದಲ್ಲಿ ಇರುವುದಿಲ್ಲ, ಮೆಶ್‌ನ ಪಾಯಿಂಟುಗಳಲ್ಲೇ ಇರುತ್ತದೆ, ಒಂದು ಪಾಯಿಂಟಿಗೆ ಒಂದೇ ಬಣ್ಣ. 40 ಲಕ್ಷ ಪಾಯಿಂಟ್ ಅಂದರೆ ಹೆಚ್ಚುಕಮ್ಮಿ 2048×2048 ಚಿತ್ರದಷ್ಟು ವಿವರ. ಅವರು 5,000 ಪಾಲಿಗನ್ನಿಗೆ (ಮೆಶ್‌ನ ಒಂದೊಂದು ಚೌಕ) ರೀಮೆಶ್ ಮಾಡಿ ಎರಡೇ ಸಲ ಡಿವೈಡ್ ಮಾಡಿದ್ದರು. ಪ್ರತಿ ಸಲ ನಾಲ್ಕು ಪಟ್ಟು, ಅಂದರೆ 80,000. ಅಷ್ಟರಲ್ಲಿ ಒಂದು ಚಿಟ್ಟಿಗೆ ಒಂದೋ ಎರಡೋ ಪಾಯಿಂಟ್ ಸಿಗುತ್ತದೆ. ಎರಡು ಪಾಯಿಂಟ್ ಬಿಳಿಯಾದರೆ ದೂರದಿಂದ ಚಿಟ್ಟಿಯ ಹಾಗೇ ಕಾಣುತ್ತದೆ, ಆದರೆ ಎರಡು ಪಾಯಿಂಟಿನಲ್ಲಿ ಮುಳ್ಳು ಎಬ್ಬಿಸಲು ಆಗುವುದಿಲ್ಲ. ಚಿತ್ರ ನೋಡಿದವರು ಮೋಸ ಹೋಗುವುದು ಇಲ್ಲೇ.

ತುಟಿ, ಕಣ್ಣಿನ ಕಥೆ ಬೇರೆ. ಪ್ರಾಜೆಕ್ಟ್ ಆಲ್ ಪ್ರತಿ ಪಾಯಿಂಟಿನಿಂದ ಹತ್ತಿರದ ಮೇಲ್ಮೈ ಹುಡುಕುತ್ತದೆ, ಅದು ಯಾರದ್ದು ಅಂತ ಕೇಳುವುದಿಲ್ಲ. ತುಟಿಗಳ ನಡುವೆ ಸಂದು ಕಮ್ಮಿ ಇದ್ದರೆ ಎದುರಿನ ತುಟಿಯೇ ಸಿಗುತ್ತದೆ. ಕಾಣುತ್ತಿರುವ ಎಲ್ಲ ಸಬ್‌ಟೂಲ್‌ಗಳಿಂದಲೂ (ಮಾಡೆಲ್‌ನ ಬಿಡಿ ಭಾಗಗಳು) ಅದು ಎತ್ತಿಕೊಳ್ಳುವುದರಿಂದ, ಕಣ್ಣುಗುಡ್ಡೆಯನ್ನು ಮರೆಮಾಡದೆ ಒತ್ತಿದರೆ ರೆಪ್ಪೆ ಹೋಗಿ ಗುಡ್ಡೆಗೆ ಅಂಟುತ್ತದೆ.

ಫೈಲ್ ತಯಾರು ಮಾಡಿದವರನ್ನು ಕೇಳಿದ್ದಕ್ಕೆ "ಬಣ್ಣ ಬಂದಿದೆಯಲ್ಲ ಸರ್" ಅಂದರು. ದುಡ್ಡು ವಾಪಸ್ ಬರಲಿಲ್ಲ.

ನನಗೆ ಜಾಸ್ತಿ ಬೇಜಾರಾದದ್ದು, ಪ್ರಿಂಟಿಗೆ ಈ ಕೆಲಸವೇ ಬೇಕಿರಲಿಲ್ಲ. ಚೌಕ ಚೌಕದ ಹೊಸ ಮೆಶ್ ಬೇಕಾಗುವುದು ಅನಿಮೇಷನ್ನಿಗೆ, ಗೇಮಿಗೆ. ಇಲ್ಲಿ ಚಿಟ್ಟಿ ಉಳಿಯಬೇಕಾದರೆ ಆ 5,000 ಪಾಲಿಗನ್ನನ್ನು ಐದು ಸಲ ಡಿವೈಡ್ ಮಾಡಿ 51.2 ಲಕ್ಷಕ್ಕೆ ಏರಿಸಬೇಕಿತ್ತು, ಅದು ಮೂಲಕ್ಕಿಂತ ಭಾರ! ಪ್ರಿಂಟಿಗೆ ಝೀಬ್ರಷ್‌ನ ಡೆಸಿಮೇಷನ್ ಮಾಸ್ಟರ್ ಸಾಕು, ಆಕಾರ ಉಳಿಸಿಕೊಂಡು ಪಾಯಿಂಟ್ ಕಮ್ಮಿ ಮಾಡುವ ಸಾಧನ ಅದು. ಅದರಲ್ಲಿ 'ಯೂಸ್ ಅಂಡ್ ಕೀಪ್ ಪಾಲಿಪೇಂಟ್' ಆನ್ ಮಾಡಿದರೆ ಬಣ್ಣ ಬದಲಾಗುವ ಕಡೆ ತ್ರಿಕೋನ ಉಳಿಸಿಕೊಂಡು, ಸಪಾಟು ಜಾಗದಲ್ಲಿ ಕಮ್ಮಿ ಮಾಡುತ್ತದೆ. ಪ್ರಿಂಟ್‌ನವರು ಟೆಕ್ಸ್ಚರ್ (ಬಣ್ಣದ ಬೇರೆ ಚಿತ್ರ) ಕೇಳಿದರೆ ಯುವಿ (ಆ ಚಿತ್ರ ಮೇಲ್ಮೈಯಲ್ಲಿ ಎಲ್ಲೆಲ್ಲಿ ಕೂರಬೇಕು ಅನ್ನುವ ನಕ್ಷೆ), ಟೆಕ್ಸ್ಚರ್ ಮೊದಲು ತೆಗೆದು, 'ಕೀಪ್ ಯುವಿ' ಇಟ್ಟು ಆಮೇಲೆ ಡೆಸಿಮೇಟ್ ಮಾಡಿ.

ನಿಜವಾಗಿ ಹೊಸ ಮೆಶ್ಶೇ ಬೇಕು ಅಂದರೆ ಮೂಲ ಸಬ್‌ಟೂಲನ್ನು ಡಿಲೀಟ್ ಮಾಡಲು ಯಾರಿಗೂ ಬಿಡಬೇಡಿ. ಹಳೆಯದು, ಹೊಸದು ಎರಡೇ ಕಾಣುವಂತೆ ಇಟ್ಟು, ತುಟಿ ಒಳಭಾಗ, ರೆಪ್ಪೆ ಅಂಚು ಅಲುಗದಂತೆ ಮಾಸ್ಕ್ ಹಾಕಿ, ಒಂದು ಡಿವೈಡ್, ಒಂದು ಪ್ರಾಜೆಕ್ಟ್ ಹೀಗೆ ಕೆಳಗಿನಿಂದ ಲೆವೆಲ್ ಲೆವೆಲ್ಲಾಗಿ ಏರಬೇಕು. ಎಷ್ಟು ದೂರದವರೆಗೆ ಹುಡುಕಬೇಕು ಅನ್ನುವ ಡಿಸ್ಟೆನ್ಸ್ ಕಮ್ಮಿ ಇರಲಿ. ಪ್ರತಿ ಸಲ ಒತ್ತುವ ಮೊದಲು ಮಾರ್ಫ್ ಟಾರ್ಗೆಟ್ (ಆಗಿನ ಆಕಾರದ ನೆನಪು) ಸ್ಟೋರ್ ಮಾಡಿಕೊಂಡಿದ್ದರೆ, ಕೆಟ್ಟ ಜಾಗವನ್ನು ಮಾರ್ಫ್ ಬ್ರಷ್‌ನಿಂದ ಆ ಆಕಾರಕ್ಕೆ ಮರಳಿಸಿ ಸರಿಮಾಡಬಹುದು.

ಕೆಲಸ ಮುಗಿದಾಗ ಚಿತ್ರ ಬೇಡ, ಫೈಲನ್ನೇ ಕೇಳಿ ತೆಗೆದುಕೊಳ್ಳಿ. ನೆರಳು ತೋರಿಸದ ಫ್ಲಾಟ್ ಕಲರ್ ಮೆಟೀರಿಯಲ್ ಹಾಕಿ ಬಣ್ಣ ಮಾತ್ರ ನೋಡಿ. ಆಮೇಲೆ ಪೇಂಟ್ ಪೂರ್ತಿ ಆಫ್ ಮಾಡಿ, ಸಾದಾ ಬೂದು ಮೆಟೀರಿಯಲ್‌ನಲ್ಲಿ ತುಟಿ, ರೆಪ್ಪೆ, ಕಿವಿಯ ಹಿಂದೆ ಹತ್ತಿರ ಹೋಗಿ ನೋಡಿ. ನಮ್ಮ ಫೈಲ್‌ನಲ್ಲಿ ಪೇಂಟ್ ಆಫ್ ಮಾಡಿದ ಕೂಡಲೇ ಕೆನ್ನೆ ಬೋಳಾಗಿ ಕಂಡಿತು, ಒಂದು ಚಿಟ್ಟಿಯೂ ಇರಲಿಲ್ಲ.